ನಿಧಾನವಾದ ಲ್ಯಾಪ್‌ಟಾಪ್: ರೋಗವೋ, ಆಯಾಸವೋ?

ಗುಂಡಿ ಒತ್ತಿದ ಲ್ಯಾಪ್‌ಟಾಪ್ ಕಣ್ಣು ಬಿಡುವಷ್ಟರಲ್ಲಿ ಡಿಕಾಕ್ಷನ್ ಇಳಿದು, ಹಾಲು ಕಾದು, ಕಾಫಿ ಕುಡಿದ ಲೋಟವನ್ನು ತೊಳೆದಿಟ್ಟೂ ಆಗಿರುತ್ತದೆ. ಒಂದು ಕಡತ ತೆರೆಯಲು ಹೇಳಿದರೆ ಪರದೆಯ ಮೇಲಿನ ನೀಲಿ ಬಳೆ ಗಿರಗಿರನೆ ಸುತ್ತುತ್ತಲೇ ಇರುತ್ತದೆ. ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟ್ ವರದಿ ಒಪ್ಪಿಸಲು ಉಳಿದಿರುವುದು ಹತ್ತೇ ದಿನ. ‘ಅಪ್ಪಾ, ಇದಕ್ಕೆ ಗ್ಯಾರಂಟಿ ವೈರಸ್ ಹೊಕ್ಕಿದೆ’ ಎಂದು ಅವಳು ಘೋಷಿಸುತ್ತಾಳೆ. ಬ್ಯಾಂಕಿನಿಂದ ನಿವೃತ್ತರಾದ ಅಪ್ಪನಿಗೂ ಅದೇ ಅನುಮಾನ.

ಸಂಜೆಯ ಹೊತ್ತಿಗೆ ಸಲಹೆಗಳ ಸುರಿಮಳೆ. ಪಕ್ಕದ ಮನೆಯವರು ‘ಇನ್ನೊಂದು ಆಂಟಿವೈರಸ್ ಹಾಕಿ’ ಎನ್ನುತ್ತಾರೆ. ಸೋದರಮಾವ ಫೋನಿನಲ್ಲೇ ತೀರ್ಪು ಕೊಡುತ್ತಾರೆ: ‘ಫಾರ್ಮ್ಯಾಟ್ ಹೊಡೆಸಿಬಿಡಿ ಭಾವ, ಎಲ್ಲ ಸರಿಹೋಗುತ್ತೆ.’ ಅಪ್ಪ ಪಕ್ಕದ ಮನೆಯವರ ಮಾತು ಕೇಳಿ ಎರಡನೆಯ ಆಂಟಿವೈರಸ್ ಹಾಕಿಸುತ್ತಾರೆ. ಅದು ಮೂರು ರಾತ್ರಿ ಇಡೀ ಯಂತ್ರವನ್ನು ಜಾಲಾಡುತ್ತದೆ. ಒಂದು ಕ್ರಿಮಿಯೂ ಸಿಗುವುದಿಲ್ಲ, ಲ್ಯಾಪ್‌ಟಾಪ್ ಮೊದಲಿಗಿಂತಲೂ ಮಂದವಾಗುತ್ತದೆ.

ಇಂಥ ದೃಶ್ಯವನ್ನು ಇಂದು ಯಾವ ಊರಿನ ಯಾವ ಬಡಾವಣೆಯಲ್ಲಾದರೂ ಕಾಣಬಹುದು. ಈ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವ ಮಾತು ಒಂದಿದೆ. ನಿಧಾನ ಎಂಬುದು ರೋಗವಲ್ಲ, ರೋಗದ ಲಕ್ಷಣ. ಜ್ವರ ಬಂದವರಿಗೆಲ್ಲ ಮಲೇರಿಯಾ ಮಾತ್ರೆ ಕೊಡುವ ವೈದ್ಯರನ್ನು ಯಾರೂ ಮೆಚ್ಚುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾಡಿ ಹಿಡಿಯುವ ಮೊದಲೇ ಮದ್ದು ಅರೆಯುವ ಅವಸರ.

ಹಳೆಯ ಭಯದ ಬೇರು

ಯಂತ್ರ ನಿಧಾನವಾದೊಡನೆ ವೈರಸ್ ನೆನಪಾಗುವುದಕ್ಕೆ ಕಾರಣವಿದೆ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ, ಬರೆದ ‘ಬ್ರೈನ್’ ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳ ಮೊದಲ ವೈರಸ್ ಎನಿಸಿಕೊಂಡಿತು. ಅದು ಫ್ಲಾಪಿಯ ಮೊದಲ ಭಾಗದಲ್ಲಿ ಅಡಗಿ ಕುಳಿತು ಫ್ಲಾಪಿ ಡ್ರೈವನ್ನು ನಿಧಾನಗೊಳಿಸುತ್ತಿತ್ತು. ಅದರೊಳಗೆ ಸಹೋದರರ ಹೆಸರು, ವಿಳಾಸ, ಫೋನ್ ನಂಬರ್ ಕೂಡ ಇದ್ದವು! ಇಂದಿನ ಕಳ್ಳರು ಕನಸಿನಲ್ಲಿಯೂ ಮಾಡದ ಕೆಲಸ ಅದು.

1988ರ ನವೆಂಬರ್ 2ರಂದು ಅಮೆರಿಕದಲ್ಲಿ ಇನ್ನೂ ದೊಡ್ಡ ಗಲಿಬಿಲಿಯಾಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ‘ಹುಳು’ ಆಗಿನ ಇಂಟರ್‌ನೆಟ್‌ನ ಸುಮಾರು 60,000 ಕಂಪ್ಯೂಟರುಗಳ ಪೈಕಿ 6,000ಕ್ಕೆ ಹೊಕ್ಕಿತೆಂದು ಅಂದಾಜು. ಅದು ಯಾವ ಕಡತವನ್ನೂ ಅಳಿಸಲಿಲ್ಲ. ಹೊಸ ಯಂತ್ರಕ್ಕೆ ಹೋದಾಗ ‘ಇಲ್ಲಿ ಈಗಾಗಲೇ ನನ್ನ ಪ್ರತಿ ಇದೆಯೇ?’ ಎಂದು ಕೇಳುತ್ತಿತ್ತು. ಯಾರಾದರೂ ಸುಳ್ಳು ಉತ್ತರ ಕೊಟ್ಟು ತಡೆಯಬಹುದೆಂದು ಎಣಿಸಿದ ಮಾರಿಸ್, ‘ಇದೆ’ ಎಂಬ ಉತ್ತರ ಬಂದರೂ ಏಳರಲ್ಲಿ ಒಂದು ಸಲ ಅಲ್ಲೇ ಉಳಿಯುವಂತೆ ಬರೆದಿದ್ದ. ಲೆಕ್ಕ ತಪ್ಪಿದ್ದು ಅಲ್ಲಿಯೇ. ಒಂದೊಂದು ಯಂತ್ರದಲ್ಲೂ ಹುಳುವಿನ ಹತ್ತಾರು ಪ್ರತಿಗಳು ತುಂಬಿಕೊಂಡು ಯಂತ್ರಗಳು ಕುಸಿದವು. ನಿಧಾನವೇ ಆ ಹುಳುವನ್ನು ಹಿಡಿದುಕೊಟ್ಟಿತು.

ಈಗಿನ ಕುತಂತ್ರಾಂಶಗಳು ಆ ಪಾಠವನ್ನು ಕಲಿತಿವೆ. ಬ್ಯಾಂಕಿನ ಗುಪ್ತಪದ ಕದಿಯಲು ಬಂದ ತಂತ್ರಾಂಶಕ್ಕೆ ಗದ್ದಲ ಎಬ್ಬಿಸಿ ಏನು ಲಾಭ? ಅದು ಬೆಕ್ಕಿನ ಹೆಜ್ಜೆಯಲ್ಲಿ ಬಂದು ಹೋಗುತ್ತದೆ. ಆದ್ದರಿಂದ ಯಂತ್ರ ನಿಧಾನವಾದ ಮಾತ್ರಕ್ಕೆ ಕಳ್ಳ ಹೊಕ್ಕಿದ್ದಾನೆ ಎನ್ನುವಂತಿಲ್ಲ, ಚುರುಕಾಗಿದ್ದ ಮಾತ್ರಕ್ಕೆ ಮನೆ ಭದ್ರವಾಗಿದೆ ಎನ್ನುವಂತೆಯೂ ಇಲ್ಲ.

ಒಮ್ಮೆಗೆ ಒಂದೇ ಪ್ರಶ್ನೆ

ಮತ್ತೆ ನಮ್ಮ ಎಂಜಿನಿಯರಿಂಗ್ ಹುಡುಗಿಯ ಕಥೆಗೆ. ನಾಲ್ಕನೆಯ ದಿನ ಅವಳು ಲ್ಯಾಪ್‌ಟಾಪನ್ನು ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಮುಂದೆ ಇಟ್ಟಳು. ಅವರು ಯಂತ್ರವನ್ನು ಮುಟ್ಟುವ ಮೊದಲು ಅವಳನ್ನು ಕೇಳಿದರು: ‘ಯಾವಾಗಿನಿಂದ ಹೀಗಮ್ಮ? ಒಂದೇ ದಿನದಲ್ಲಿ ಆಯಿತೋ, ಬರಬರುತ್ತಾ ಆಯಿತೋ?’ ಎರಡು ತಿಂಗಳಿಂದ ಬರಬರುತ್ತಾ ಆದದ್ದು. 2018ರಲ್ಲಿ ಅಣ್ಣನಿಗೆಂದು ಕೊಂಡ ಯಂತ್ರ. ಹೊಸದಾಗಿ ಯಾವ ತಂತ್ರಾಂಶವನ್ನೂ ಅವಳು ಇಳಿಸಿಕೊಂಡಿರಲಿಲ್ಲ, ಅಪ್ಪ ಹಾಕಿಸಿದ ಆಂಟಿವೈರಸ್ ಒಂದನ್ನು ಬಿಟ್ಟು.

ಅವರು ಮೊದಲು ಆ ಎರಡನೆಯ ಆಂಟಿವೈರಸ್ಸನ್ನು ತೆಗೆದುಹಾಕಿದರು. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಿದ್ದರೆ ಬಂದವರನ್ನು ಇಬ್ಬರೂ ತಡೆದು ವಿಚಾರಿಸುತ್ತಾರೆ, ಒಬ್ಬರನ್ನೊಬ್ಬರೂ ಅನುಮಾನಿಸುತ್ತಾರೆ. ತೆರೆಯುವ ಪ್ರತಿಯೊಂದು ಕಡತವೂ ಎರಡೆರಡು ಸಲ ತಪಾಸಣೆಗೆ ಒಳಗಾಗುತ್ತದೆ. ಯಂತ್ರ ಸ್ವಲ್ಪ ಹಗುರಾಯಿತು, ಪೂರ್ತಿ ಸರಿಹೋಗಲಿಲ್ಲ.

ಮುಂದಿನದು ನಾಡಿ ಹಿಡಿಯುವ ಕೆಲಸ. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕ್, ನೆಟ್‌ವರ್ಕ್ ಎಂಬ ನಾಲ್ಕು ಸಾಲುಗಳು ಮುಖ್ಯ. ಯಾವುದು ಉಸಿರುಗಟ್ಟುತ್ತಿದೆ ಎಂಬುದನ್ನು ಅಲ್ಲಿಯ ಅಂಕಿಗಳೇ ಹೇಳುತ್ತವೆ. ಯಾರೂ ಏನೂ ಮಾಡದಿದ್ದಾಗ ಪ್ರೊಸೆಸರ್ ಶೇ. 90 ದುಡಿಯುತ್ತಿದ್ದರೆ ಒಂದು ಕಥೆ, ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ಇನ್ನೊಂದು. ಪ್ರೊಸೆಸರ್ ಬಿಡುವಾಗಿದ್ದೂ ಮೈ ಸುಡುತ್ತಿದ್ದರೆ ಫ್ಯಾನಿನ ಜಾಲರಿಗೆ ಧೂಳು ಕಟ್ಟಿರಬಹುದು. ಪ್ರೊಸೆಸರಿನ ತಾಪ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಅದು ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗ ಇಳಿಸುತ್ತದೆ.

ಹುಡುಗಿಯ ಯಂತ್ರದಲ್ಲಿ ಪ್ರೊಸೆಸರ್ ಬರೀ ಶೇ. 6, ನೆಟ್‌ವರ್ಕ್ ಸೊನ್ನೆ. ಡಿಸ್ಕ್ ಮಾತ್ರ ಶೇ. 100! ಆದರೆ ಡಿಸ್ಕಿನಿಂದ ಹರಿದು ಬರುತ್ತಿದ್ದ ಮಾಹಿತಿ ಸೆಕೆಂಡಿಗೆ ಒಂದು ಮೆಗಾಬೈಟೂ ಇರಲಿಲ್ಲ. ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಬರಬೇಕಾದ ಉತ್ತರಕ್ಕೆ ಎರಡು ಮೂರು ಸಾವಿರ ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಡಿಸ್ಕ್ ಬೆವರು ಸುರಿಸುತ್ತಿದೆ, ಕೆಲಸ ಮಾತ್ರ ಸಾಗುತ್ತಿಲ್ಲ.

‘ಈಗ ಸೇಫ್ ಮೋಡಿನಲ್ಲಿ ಶುರು ಮಾಡು’ ಎಂದರು ಅವರು. ಆ ವಿಧಾನದಲ್ಲಿ ವಿಂಡೋಸ್ ತನಗೆ ತೀರಾ ಅಗತ್ಯವಾದ ಭಾಗಗಳನ್ನಷ್ಟೇ ಎಬ್ಬಿಸುತ್ತದೆ. ಆಗ ಯಂತ್ರ ಚುರುಕಾದರೆ ತಪ್ಪು ಜೊತೆಗೆ ಏಳುವ ಯಾವುದೋ ತಂತ್ರಾಂಶದ್ದು, ಆಗಲೂ ತೆವಳಿದರೆ ಅನುಮಾನ ಯಂತ್ರಾಂಶದ ಮೇಲೆ. ಪ್ರಯೋಗಶಾಲೆಯ ಮೊದಲ ಪಾಠವೂ ಇದೇ ಅಲ್ಲವೇ? ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ಫಲಿತಾಂಶ ನೋಡಬೇಕು. ಲ್ಯಾಪ್‌ಟಾಪ್ ಸೇಫ್ ಮೋಡಿನಲ್ಲೂ ತೆವಳಿತು.

ಮೇಜು ಮತ್ತು ಅಟ್ಟ

ಡಿಸ್ಕ್ ಸೋತರೆ ಇಡೀ ಯಂತ್ರ ಸೋಲುವುದೇಕೆ? ರ‍್ಯಾಮ್ ಎಂಬುದು ಓದುವ ಮೇಜು, ಡಿಸ್ಕ್ ಎಂಬುದು ಅಟ್ಟ. ಮೇಜಿನ ಮೇಲಿರುವುದು ಕೈಗೆ ತಕ್ಷಣ ಸಿಗುತ್ತದೆ. ಮೇಜು ತುಂಬಿದರೆ ಕೆಲವು ಪುಸ್ತಕಗಳನ್ನು ಅಟ್ಟಕ್ಕೆ ಸಾಗಿಸಬೇಕು, ಬೇಕಾದಾಗ ಮತ್ತೆ ಏಣಿ ಹತ್ತಬೇಕು.

ಈ ಏಣಿ ಎಷ್ಟು ಉದ್ದ ಎಂಬ ಲೆಕ್ಕ ಸ್ವಾರಸ್ಯಕರ. ರ‍್ಯಾಮ್‌ನಿಂದ ಒಂದು ಚೂರು ಮಾಹಿತಿ ಬರಲು ಬೇಕಾದ ಕಾಲ ಹೆಚ್ಚುಕಡಿಮೆ ಸೆಕೆಂಡಿನ ಕೋಟಿಯಲ್ಲೊಂದು ಪಾಲು. ಸಾಮಾನ್ಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅದರ ತಲೆ ಸರಿಯಾದ ಜಾಗಕ್ಕೆ ಸರಿದು, ಬೇಕಾದ ಭಾಗ ಅದರ ಕೆಳಗೆ ಬರುವವರೆಗೆ ಸುಮಾರು 15 ಮಿಲಿಸೆಕೆಂಡ್ ಕಾಯಬೇಕು. ರ‍್ಯಾಮ್‌ನ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿಯಿತೆಂದು ಇಟ್ಟುಕೊಂಡರೆ, ಅದೇ ಅಳತೆಯಲ್ಲಿ ಹಾರ್ಡ್ ಡಿಸ್ಕಿನ ಕೆಲಸಕ್ಕೆ ಸುಮಾರು 42 ಗಂಟೆ! ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಗಾದರೆ 17 ನಿಮಿಷ ಸಾಕು. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದವರು ‘ಹೊಸದಾಗಿಬಿಟ್ಟಿತು’ ಎನ್ನುವುದು ಈ ಕಾರಣಕ್ಕೇ.

ಇವೆಲ್ಲ ಡಿಸ್ಕ್ ಆರೋಗ್ಯವಾಗಿದ್ದಾಗಿನ ಮಾತು. ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಅದರ ತಲೆ ತೇಲುತ್ತಿರುತ್ತದೆ. ವರ್ಷಗಳು ಕಳೆದಂತೆ ತಟ್ಟೆಯ ಕೆಲವು ತುಣುಕುಗಳು ಓದಲಾಗದಷ್ಟು ಕೆಡಬಹುದು. ಆಗ ಡಿಸ್ಕ್ ಸುಮ್ಮನೆ ಕೈಚೆಲ್ಲುವುದಿಲ್ಲ. ಅದೇ ತುಣುಕನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತದೆ, ನೀಲಿ ಬಳೆ ಸುತ್ತುತ್ತದೆ.

ಡಿಸ್ಕ್ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ. ಇದಕ್ಕೆ ‘ಸ್ಮಾರ್ಟ್’ ವ್ಯವಸ್ಥೆ ಎಂದು ಹೆಸರು, ಉಚಿತ ತಂತ್ರಾಂಶಗಳಿಂದಲೇ ಇದನ್ನು ಓದಬಹುದು. ಹುಡುಗಿಯ ಡಿಸ್ಕಿನಲ್ಲಿ ನೂರಾರು ತುಣುಕುಗಳು ಕೆಟ್ಟಿದ್ದವು. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ 60 ದಿನಗಳೊಳಗೆ ಸಾಯುವ ಸಂಭವ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು. ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ದಿನಚರಿಯ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅಂದರೆ ಕೆಟ್ಟ ವರದಿ ಬಂದರೆ ನಂಬಬೇಕು, ಒಳ್ಳೆಯ ವರದಿ ಬಂದರೆ ಮೈಮರೆಯಬಾರದು.

ಈಗ ಹಿಂದಿನ ಮೂರು ರಾತ್ರಿಗಳನ್ನು ನೆನೆಸಿಕೊಳ್ಳಬೇಕು. ಸಾಯುತ್ತಿದ್ದ ಡಿಸ್ಕಿನ ಮೂಲೆ ಮೂಲೆಯನ್ನೂ ಓದಿಸಿ ಅದರ ಉಳಿದ ಆಯುಷ್ಯವನ್ನು ಖರ್ಚು ಮಾಡಿದ್ದು ವೈರಸ್ಸಿನ ಭಯ. ಫಾರ್ಮ್ಯಾಟ್ ಮಾಡಿದ್ದರಂತೂ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತಿತ್ತು. ಮೂಗು ಹೋಗುತ್ತಿತ್ತು, ನೆಗಡಿ ಉಳಿಯುತ್ತಿತ್ತು.

‘ಮೊದಲು ಯಾವುದು ಹೋದರೆ ಮತ್ತೆ ಸಿಗುವುದಿಲ್ಲವೋ ಅದನ್ನು ಎತ್ತಿಕೊ’ ಎಂದರು ಅವರು. ಪ್ರಾಜೆಕ್ಟ್ ವರದಿ ಮೊದಲು, ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿಯ ಫೋಟೋಗಳು ಆಮೇಲೆ, ಸಿನಿಮಾಗಳು ಕೊನೆಗೆ. ವರದಿ ಇಡಿಯಾಗಿ ಬಂತು. ಫೋಟೋಗಳೂ ಬಂದವು. ಅಜ್ಜ ಮಾತಾಡಿದ್ದ ಒಂದು ವಿಡಿಯೋ ಅರ್ಧಕ್ಕೇ ನಿಂತಿತು, ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ. ಒಂದು ವಾರ ಮೊದಲೇ ತಂದಿದ್ದರೆ ಬರುತ್ತಿತ್ತೇನೋ.

ನಿಜವಾಗಿಯೂ ಕ್ರಿಮಿ ಹೊಕ್ಕಿದ್ದರೆ?

ಕುತಂತ್ರಾಂಶವೇ ಕಾರಣವಾದ ನಿಧಾನವೂ ಉಂಟು. 2017ರ ಸೆಪ್ಟೆಂಬರಿನಲ್ಲಿ ಬಂದು 2019ರ ಮಾರ್ಚಿನಲ್ಲಿ ಮುಚ್ಚಿದ ‘ಕಾಯಿನ್‌ಹೈವ್’ ಎಂಬ ಸೇವೆಯನ್ನು ಬಳಸಿದ ಜಾಲತಾಣಗಳಲ್ಲಿ, ಪುಟ ತೆರೆದವರ ಪ್ರೊಸೆಸರೇ ‘ಮೊನೆರೋ’ ಎಂಬ ಡಿಜಿಟಲ್ ನಾಣ್ಯ ಗಳಿಸಲು ದುಡಿಯುತ್ತಿತ್ತು. ದುಡಿಮೆ ಓದುಗನದು, ಗಳಿಕೆ ಬೇರೆಯವರದು! ಆ ಸೇವೆ ಹೋದರೂ ಜಾತಿ ಅಳಿದಿಲ್ಲ. ಕೆಲವಂತೂ ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಕೆಲಸ ನಿಲ್ಲಿಸಿ ಸಾಧುವಿನಂತೆ ಕೂರುತ್ತವೆ. ಭೋರ್ಗರೆಯುತ್ತಿದ್ದ ಫ್ಯಾನು ಅದನ್ನು ತೆರೆದಾಗಲೆಲ್ಲ ತಣ್ಣಗಾದರೆ ಅನುಮಾನಿಸಬೇಕು. ಬ್ರೌಸರಿನ ಮೊದಲ ಪುಟ ತಾನಾಗಿಯೇ ಬದಲಾಗುವುದು, ಹಾಕದ ಉಪತಂತ್ರಾಂಶಗಳು ಕಾಣಿಸಿಕೊಳ್ಳುವುದು, ಆಂಟಿವೈರಸ್ ತನ್ನಷ್ಟಕ್ಕೆ ಆಫ್ ಆಗುವುದು ಇತರ ಸುಳಿವುಗಳು.

ಆಗ ಇಂಟರ್‌ನೆಟ್ ಸಂಪರ್ಕ ಕಡಿದು, ವಿಂಡೋಸ್‌ನಲ್ಲೇ ಇರುವ ‘ಡಿಫೆಂಡರ್ ಆಫ್‌ಲೈನ್’ ತಪಾಸಣೆ ನಡೆಸಬೇಕು. ಅದು ಯಂತ್ರವನ್ನು ಮತ್ತೆ ಆರಂಭಿಸಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಕಳ್ಳನೇ ಕಾವಲುಗಾರನ ವೇಷದಲ್ಲಿದ್ದರೆ ಅವನು ಎಚ್ಚರಗೊಳ್ಳುವ ಮೊದಲೇ ಮನೆ ಶೋಧಿಸಬೇಕಲ್ಲವೇ? ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವೂ ಉಚಿತ ಶುದ್ಧೀಕರಣ ಸಾಧನಗಳನ್ನು ಒದಗಿಸುತ್ತದೆ. ಬ್ಯಾಂಕ್ ಮತ್ತು ಇಮೇಲ್ ಗುಪ್ತಪದಗಳನ್ನು ಬೇರೆಯೇ ಯಂತ್ರದಿಂದ ಬದಲಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಭಯದಲ್ಲಿಯೇ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪು ಅಕ್ಷರ ಮೂಡಿಸಿ, ಯಂತ್ರದ ಹಿಡಿತ ಪಡೆದು ಖಾತೆ ಬರಿದು ಮಾಡುವವರಿದ್ದಾರೆ. ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಸಹಜವಾಗಿ ದಾಖಲಾಗುವ ಸಣ್ಣಪುಟ್ಟ ದೋಷಗಳ ಪಟ್ಟಿಯನ್ನೇ ತೋರಿಸಿ ‘ನೋಡಿ, ಎಷ್ಟೊಂದು ವೈರಸ್!’ ಎಂದು ಹೆದರಿಸುತ್ತಾರೆ. ಇಂಥ ನಕಲಿ ಕಾಲ್ ಸೆಂಟರುಗಳ ವಿರುದ್ಧ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳ ಮೇಲೆ ಸಿಬಿಐ 2023ರ ಅಕ್ಟೋಬರಿನಲ್ಲಿ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ದಾಳಿ ನಡೆಸಿತು. ಮೈಕ್ರೋಸಾಫ್ಟ್‌ನ ನಿಜವಾದ ದೋಷಸೂಚನೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹುಡುಗಿಯ ಲ್ಯಾಪ್‌ಟಾಪಿಗೆ ಈಗ ಎಸ್‌ಎಸ್‌ಡಿ ಬಂದಿದೆ. ಡಿಕಾಕ್ಷನ್ ಇಳಿಯುವ ಮೊದಲೇ ಪರದೆ ಸಿದ್ಧ. ವರದಿಯನ್ನು ಅವಳು ಒಂದು ದಿನ ಮುಂಚೆಯೇ ಒಪ್ಪಿಸಿದಳು. ಅಪ್ಪ ಪ್ರತಿ ತಿಂಗಳ ಮೊದಲ ಭಾನುವಾರ ಮನೆಯ ಫೋಟೋಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಬ್ಯಾಂಕಿನ ಹಳೆಯ ಅಭ್ಯಾಸದಂತೆ ಡೈರಿಯಲ್ಲಿ ದಿನಾಂಕ ಬರೆದು ಸಹಿ ಹಾಕುತ್ತಾರೆ. ಮೊನ್ನೆ ಸೋದರಮಾವ ಫೋನು ಮಾಡಿ, ತಮ್ಮ ಲ್ಯಾಪ್‌ಟಾಪೂ ತೆವಳುತ್ತಿದೆ, ವೈರಸ್ ಇರಬೇಕು ಎಂದಾಗ ಅವರು ಕೇಳಿದ್ದು ಒಂದೇ ಮಾತು: ‘ಅಳೆದು ನೋಡಿದೆಯೇನಪ್ಪಾ?’