ಟಿ-ಕಣಕ್ಕೂ ಕಡಿವಾಣ

ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಲೇಹ್ಯ ಮಾರುವವರಿಗೆ ಇದರಿಂದ ಲಾಭವುಂಟು. ಶರೀರಶಾಸ್ತ್ರ ಮಾತ್ರ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ.

ನಮ್ಮ ನೆತ್ತರಿನಲ್ಲಿ ಟಿ-ಕಣಗಳೆಂಬ ಬಿಳಿಯ ರಕ್ತಕಣಗಳಿವೆ. ರೋಗಾಣು ಸೇರಿದ ಜೀವಕೋಶವನ್ನೂ ಕೆಟ್ಟು ಬೆಳೆಯುವ ಜೀವಕೋಶವನ್ನೂ ಗುರುತಿಸಿ ಕೊಲ್ಲುವುದು ಅವುಗಳಲ್ಲಿ ಕೆಲವದರ ಕೆಲಸ. ಕೊಲ್ಲಬಲ್ಲವರಿಗೆ ನಿಲ್ಲಿಸುವ ಆಜ್ಞೆಯೂ ಬೇಕಷ್ಟೆ. ನೂಲುವ ಯಂತ್ರಗಳು ತಯಾರಾಗುವ ನಮ್ಮ ಪೆರಿಯನಾಯಕನಪಾಳ್ಯದ ವಾಚಕರಿಗೆ ಇದನ್ನು ತಿಳಿಸುವುದು ಸುಲಭ: ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿಯೇ ನಿಲ್ಲುತ್ತದೆ, ನಿಲ್ಲದಿದ್ದರೆ ಬಟ್ಟೆ ಕೆಡುತ್ತದೆ.

ಟಿ-ಕಣದ ಮೈಮೇಲೂ ಅಂಥ ತಡೆಗಳಿವೆ. ಸಿಟಿಎಲ್‌ಎ-4 ಎಂಬುದು ಕಣ ಕೆರಳಿದ ಮೇಲೆ ಹೊರಬಂದು, ಅದನ್ನು ಚೋದಿಸುವ ಅಣುಗಳನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ತಡೆಯಿಲ್ಲದೆ ಹುಟ್ಟಿದ ಇಲಿಮರಿಗಳು ಮೂರು ನಾಲ್ಕು ವಾರಗಳಲ್ಲೇ ಸಾಯುತ್ತವೆಂದು 1995ರಲ್ಲಿ ತಿಳಿದುಬಂತು. ಅವನ್ನು ಕೊಂದದ್ದು ರೋಗಾಣುವಲ್ಲ, ತಡೆಯಿಲ್ಲದ ಸ್ವಂತ ಸೈನ್ಯ. ಇನ್ನೊಂದು ತಡೆ ಪಿಡಿ-1. ಜಪಾನಿನ ತಾಸುಕು ಹೊಂಜೊ ಅವರ ಪ್ರಯೋಗಶಾಲೆ ಅದನ್ನು 1992ರಲ್ಲಿ ಕಂಡುಹಿಡಿಯಿತು.

ಕ್ಯಾನ್ಸರಿನ ಕುಟಿಲತೆ ಇಲ್ಲಿಯೇ ಇದೆ. ಅನೇಕ ಕ್ಯಾನ್ಸರ್ ಕೋಶಗಳು ಪಿಡಿ-1ಕ್ಕೆ ಹೊಂದುವ ಅಣುವನ್ನು ಮೈಮೇಲೆ ಧರಿಸಿ, ಕೊಲ್ಲಲು ಬಂದ ಟಿ-ಕಣವನ್ನು ಸುಮ್ಮನಾಗಿಸುತ್ತವೆ. ತಡೆಯನ್ನೇ ಮುಚ್ಚಿದರೆ ಹೇಗೆ? ಅಮೆರಿಕದ ಜೇಮ್ಸ್ ಆಲಿಸನ್ ಸಿಟಿಎಲ್‌ಎ-4ನ್ನು ಮುಚ್ಚಿ ಇಲಿಗಳ ಗಡ್ಡೆ ಕರಗಿದ್ದನ್ನು 1996ರಲ್ಲಿ ಪ್ರಕಟಿಸಿದರು. ಈ ವರ್ಗದ ಮೊದಲ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. 2018ರ ನೊಬೆಲ್ ಆಲಿಸನ್ ಮತ್ತು ಹೊಂಜೊ ಇಬ್ಬರಿಗೂ ಸಂದಿತು.

ನಮ್ಮವರಿಗೆ ಅಡ್ಡಿಯಾದದ್ದು ಬೆಲೆ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ನಾಡಿನಲ್ಲಿ ಬಾಯಿಯ ಕ್ಯಾನ್ಸರ್ ಬಡವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ತಲೆ ಮತ್ತು ಕುತ್ತಿಗೆಯ ಭಾಗದ ಮುಂದುವರಿದ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಅಗ್ಗದ ಗುಳಿಗೆಗಳು. ಒಂದು ಗುಂಪಿಗೆ ಮಾತ್ರ ಅವುಗಳೊಡನೆ ಪಿಡಿ-1ನ್ನು ಮುಚ್ಚುವ ನಿವೊಲುಮಾಬ್, ಮೂರು ವಾರಕ್ಕೊಮ್ಮೆ ಬರಿಯ 20 ಮಿಲಿಗ್ರಾಂ. ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240. ಒಂದು ವರ್ಷದ ಅನಂತರ ಬದುಕಿದ್ದವರು ಗುಳಿಗೆಯ ಗುಂಪಿನಲ್ಲಿ ಶೇಕಡಾ 16.3, ಇನ್ನೊಂದರಲ್ಲಿ 43.4 ಎಂದು 2022ರಲ್ಲಿ ಪ್ರಕಟವಾಯಿತು. ಪೂರ್ಣ ಗುಣವೆಂದು ಇದನ್ನು ಹೇಳಲಾಗದು. ಬಡವರ ಪಾಲಿಗೆ ಸಣ್ಣ ಮಾತೂ ಅಲ್ಲ.

ತಡೆ ತೆಗೆದ ಸೈನ್ಯ ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿಗಳ ಮೇಲೂ ತಿರುಗಿ ಬೀಳಬಹುದು, ಕೆಲವೊಮ್ಮೆ ತಿಂಗಳುಗಳ ಅನಂತರ. ಆದುದರಿಂದ ಈ ಚಿಕಿತ್ಸೆ ಪಡೆದವರಿಗೆ ಭೇದಿಯೋ ಏದುಸಿರೋ ಕಂಡರೆ ಮನೆಯವರು ಕಷಾಯದಲ್ಲಿ ದಿನ ಕಳೆಯದೆ, ಔಷಧ ಕೊಟ್ಟ ವೈದ್ಯರಿಗೆ ಅಂದೇ ತಿಳಿಸತಕ್ಕದ್ದು.