ಬಾಟ್ಲಿ ನಮ್ದು, ಲೋಟ ಯಾರ್ದು?

ಗೆಳೆಯರೇ, ಹೋದ ಭಾನುವಾರ ಬೆಂಗಳೂರಲ್ಲಿ ಒಂದು ಹೋಟೆಲ್ ಹುಡುಕಿದ ಕತೆ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮ ಚಿಕ್ಕಮ್ಮನ ಮಗಳು ದೊಡ್ಡಬಳ್ಳಾಪುರದ ಕಡೆ ಒಂದು ವೈನ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಓದಿದ್ದು ಬಿಎಸ್ಸಿ ಮೈಕ್ರೋಬಯಾಲಜಿ. ಚಿಕ್ಕಮ್ಮ ಇಪ್ಪತ್ತು ವರ್ಷ ಅದೇ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದವರು. ಗೊಂಚಲು ಕತ್ತರಿಸೋದು, ಕ್ರೇಟಿಗೆ ತುಂಬೋದು, ಔಷಧಿ ಹೊಡೆದ ವಾಸನೆ ಆರೋ ಮುಂಚೆನೇ ಚಪ್ಪರದ ಕೆಳಗೆ ನುಗ್ಗೋದು. ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ ಟ್ಯಾಗ್ ಸಿಕ್ಕಿದೆ. ಅದನ್ನ ಕುಯ್ದ ಕೈಗಳಿಗೆ ಯಾವ ಟ್ಯಾಗೂ ಸಿಕ್ಕಿಲ್ಲ.

ತಂಗಿ ಒಂದು ಬಾಟ್ಲಿ ತಂದು ಮುಂದಿಟ್ಟಳು. "ಅಣ್ಣಾ, ಈ ಬ್ಯಾಚ್ ಟೆಸ್ಟ್ ಮಾಡಿದ್ದು ನಾನೇ. ಅಮ್ಮಂಗೆ ಒಂದ್ಸಲ ರುಚಿ ತೋರಿಸ್ಬೇಕು. ಒಳ್ಳೆ ಹೋಟ್ಲಲ್ಲಿ ಕೂರಿಸಿ."

ಮನೇಲೇ ಕುಡೀಬಹುದಿತ್ತಲ್ಲ ಅಂತೀರಾ? ಅವರಿರೋದು ಬಾಡಿಗೆ ಮನೆ. ಓನರ್ ಅಡ್ವಾನ್ಸ್ ಇಸ್ಕೊಳ್ಳೋ ಮುಂಚೆ ಕೇಳಿದ್ದು "ನೀವು ಯಾವ ಜನ?" ಅಂತ. ಭಾನುವಾರ ಕಿಟಕಿ ಮುಚ್ಚಿ ಕೋಳಿ ಬೇಯಿಸ್ತಾರೆ. ಕಸದ ಬುಟ್ಟೀಲಿ ಒಂದು ಖಾಲಿ ಬಾಟ್ಲಿ ಕಂಡ್ರೆ ಸಾಕು, ಮನೆ ಖಾಲಿ ಮಾಡಿ ಅಂತಾರೆ.

ಮೊದಲು ನನಗೆ ಪರಿಚಯ ಇರೋ ಮಿಲಿಟರಿ ಹೋಟೆಲ್‌ನಲ್ಲಿ ಕೇಳಿದೆ. ಓನರ್ ಕೈ ಮುಗಿದ್ರು. "ನಿಮಗೆ ಇಲ್ಲ ಅನ್ನೋಕೆ ನನಗೂ ಬೇಜಾರು ಸಾರ್. ಲೈಸೆನ್ಸ್ ಇಲ್ಲ, ಕೇಸ್ ಹಾಕ್ತಾರೆ." ಅವರು ಹೇಳಿದ್ದು ಸರಿ. ಲೈಸೆನ್ಸ್ ಇಲ್ಲದ ಜಾಗದಲ್ಲಿ ಕುಡಿಯೋಕೆ ಬಿಟ್ರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಪೊಲೀಸ್ ಭಾಷೇಲಿ '15(ಎ)'. ಎರಡನೇ ಕಡೆ ಬಾರ್ ಲೈಸೆನ್ಸ್ ಇತ್ತು, ಆದ್ರೆ ಹೊರಗಿನ ಬಾಟ್ಲಿ ಬಿಡಲ್ಲ ಅಂದ್ರು. ಹೀಗೆ ಫೋನ್ ಮಾಡ್ತಾ ಮಾಡ್ತಾ ಕೊನೆಗೆ ಒಂದು ದೊಡ್ಡ ರೆಸ್ಟೋರೆಂಟ್ ಒಪ್ಪಿತು. ಬಾಟ್ಲಿಗೆ ಸಾವಿರ ರೂಪಾಯಿ 'ಕಾರ್ಕೇಜ್'.

ಬಾಗಿಲಲ್ಲಿ ಸೆಕ್ಯೂರಿಟಿಯವನು ಚಿಕ್ಕಮ್ಮನ ಬ್ಯಾಗ್ ತೆಗೆಸಿದ. ಒಳಗೆ ಒಂದು ಸ್ಟೀಲ್ ಲೋಟ.

ನಾನು ಯಾಕೆ ಚಿಕ್ಕಮ್ಮ ಅಂದೆ. "ಅಲ್ಲಿ ಲೋಟ ಕೊಡ್ತಾರೋ ಇಲ್ವೋ ಅಂತ ತಂದೆ ಕಣಪ್ಪಾ" ಅಂದ್ರು.

ನನಗೆ ಮಾತೇ ಹೊರಡಲಿಲ್ಲ. ನಮ್ಮೂರ ಟೀ ಅಂಗಡೀಲಿ ನಮ್ಮ ಲೋಟ ಹೊರಗೆ ಸೂರಿಗೆ ಸಿಕ್ಕಿಸಿರ್ತಿತ್ತು. ಅದಕ್ಕೂ ಮುಂಚೆ ತೆಂಗಿನ ಚಿಪ್ಪು. ಕುಡಿದು ನಾವೇ ತೊಳೆದು ಇಡಬೇಕು. ನಗರದವರು ಈಗ 'ನಿಮ್ಮ ಬಾಟ್ಲಿ ನೀವೇ ತನ್ನಿ' ಅನ್ನೋದನ್ನ ಸೌಲಭ್ಯ ಅಂತ ಹುಡುಕ್ತಾರೆ. ನಮ್ಮ ಜನಕ್ಕೆ 'ನಿಮ್ದು ನೀವೇ ತನ್ನಿ' ಅನ್ನೋದು ಶಿಕ್ಷೆ ಆಗಿತ್ತು. ತರೋದು ಒಂದೇ, ಆದ್ರೆ ಇಷ್ಟಪಟ್ಟು ತರೋದಕ್ಕೂ ತರದಿದ್ರೆ ಕೊಡಲ್ಲ ಅನ್ನೋದಕ್ಕೂ ನಡುವೆ ಇರೋದೇ ಜಾತಿ.

ಚಿಕ್ಕಮ್ಮ ಎರಡು ಗುಟುಕು ಕುಡಿದು ಮುಖ ಸಿಂಡರಿಸಿದ್ರು. "ಹುಳಿ ಕಣೇ. ಹಣ್ಣೇ ವಾಸಿ." ಎಲ್ಲರೂ ನಕ್ಕೆವು. ಬಿಲ್ ಬಂದಾಗ ಕೇಳಿದ್ರು, "ಬಾಟ್ಲಿ ನಮ್ದೇ, ಸಾವಿರ ಯಾಕೆ?" ಲೋಟ ಕೊಟ್ಟಿದ್ದಕ್ಕೆ, ಬಡಿಸಿದ್ದಕ್ಕೆ, ತೊಳೆಯೋದಕ್ಕೆ ಅಂದೆ. "ನಮ್ಮ ಕಾಲ್ದಲ್ಲಿ ದುಡ್ಡೂ ನಮ್ದೇ, ತೊಳೆಯೋದೂ ನಮ್ದೇ" ಅಂದ್ರು.

ಈಗ ಕೆಲವು ಗೆಳೆಯರು ಕಾಮೆಂಟ್ ಹಾಕೋಕೆ ರೆಡಿ ಆಗಿರ್ತೀರಿ: ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟಲ್ಲ ಅನ್ನೋದೂ ಇದೆ, ನಮ್ಮ ದಸಂಸ ಹೆಂಡದ ವಿರುದ್ಧ ಬೀದಿಗಿಳಿದು ವಸತಿ ಶಾಲೆ ಕೇಳಿದ ಚಳವಳಿ, ನೀನು ವೈನಿನ ಕತೆ ಹೇಳ್ತೀಯಾ ಅಂತ. ನಾನು ಕುಡಿಯಲ್ಲ. ಕಾರಣ ನಮ್ಮಪ್ಪ, ಅಷ್ಟು ಹೇಳಿದ್ರೆ ಸಾಕು. ಅವತ್ತೂ ನಾನು ಕುಡಿದಿದ್ದು ನಿಂಬೆಹಣ್ಣಿನ ಸೋಡಾ. ಕುಡಿತ ನಮ್ಮ ಕೇರಿಗಳನ್ನ ಹೇಗೆ ತಿಂದಿದೆ ಅಂತ ನನಗೆ ಯಾರೂ ಪಾಠ ಮಾಡ್ಬೇಕಿಲ್ಲ. ಆದ್ರೆ ಬಿಡೋದು ನಾವೇ ತೀರ್ಮಾನ ಮಾಡಿ ಬಿಡ್ಬೇಕು. ಮನೆ ಓನರ್ ಮೂಗಿಗೆ ಹೆದರಿ ಬಿಡೋದು ಪ್ರತಿಜ್ಞೆ ಅಲ್ಲ.

ಇನ್ನೊಂದು ನೋಡಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ವೈನಿಗೆ ಪ್ರೋತ್ಸಾಹ ಕೊಟ್ಟಿತು. ಸಾರಾಯಿ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಅದರ ಹಿಂದೆ ನಮ್ಮ ಹೆಣ್ಣುಮಕ್ಕಳ ಕಣ್ಣೀರಿದೆ. ಆದ್ರೆ ಕೂಲಿಯವನ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಬದಲಾಯ್ತು. ಈಗ ಅವನು 'ವೈನ್ಸ್' ಅಂತ ಬೋರ್ಡ್ ಇರೋ ಅಂಗಡೀಲಿ 90 ಎಂಎಲ್ ಟೆಟ್ರಾ ಪ್ಯಾಕ್ ತಗೋತಾನೆ. ಅಲ್ಲಿ ಕೂತು ಕುಡಿಯೋ ಹಾಗಿಲ್ಲ. ಬಾರಿಗೆ ಹೋಗೋಕೆ ದುಡ್ಡಿಲ್ಲ. ಕೆರೆ ಏರಿ ಮೇಲೆ ಕೂತ್ರೆ ಕೇಸು, ಬೋಟಿ ಮಾರೋ ಗೂಡಂಗಡೀಲಿ ನಿಂತ್ರೆ ಅಂಗಡಿಯವಳ ಮೇಲೂ ಕೇಸು. ಸಾವಿರ ಕೊಡೋ ತಾಕತ್ತಿದ್ರೆ ಮಾತ್ರ 'ಬನ್ನಿ ಸಾರ್'.

ಇದೇ ಉತ್ಸಾಹ ಲೋಟದ ವಿಷಯದಲ್ಲಿ ಯಾಕಿಲ್ಲ? ಹೋಟೆಲ್ ಪ್ರವೇಶಕ್ಕೆ ಜಾತಿ ಅಡ್ಡ ಬರಬಾರದು ಅಂತ ಸಂವಿಧಾನದ 15(2)ನೇ ವಿಧಿ ಹೇಳುತ್ತೆ. ಹೋಟೆಲಿನ ಪಾತ್ರೆ ಬಳಸೋಕೆ ಅಸ್ಪೃಶ್ಯತೆ ಕಾರಣಕ್ಕೆ ತಡೆದ್ರೆ 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ ಸೆಕ್ಷನ್ 4ರಲ್ಲಿ ಶಿಕ್ಷೆ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಗೂಡಂಗಡಿ ಮೇಲೆ 15(ಎ) ಹಾಕೋಕೆ ಬರೋ ಜೀಪು, ಅದೇ ಊರಿನ ಎರಡು ಲೋಟದ ಹೋಟೆಲ್ ಮುಂದೆ ಟೀ ಕುಡಿದು ವಾಪಸ್ ಹೋಗುತ್ತೆ.

ಎರಡು ಲೋಟ ಈಗ ಎಲ್ಲಿದೆ ಅನ್ನೋರಿಗೆ ಒಂದು ಮಾತು. ಕೆಲವು ಕಡೆ ಅದು ವೇಷ ಬದಲಿಸಿದೆ. ಊರವರಿಗೆ ಸ್ಟೀಲು, ಗಾಜು. ನಮ್ಮವರಿಗೆ ಪೇಪರ್ ಕಪ್ಪು. ಕೇಳಿದ್ರೆ "ಕ್ಲೀನ್ ಅಲ್ವಾ ಸಾರ್" ಅಂತಾರೆ. ಕ್ಲೀನ್ ಆದ್ರೆ ಎಲ್ಲರಿಗೂ ಅದನ್ನೇ ಕೊಡಿ.

ಈ ವಾರ ಊರಿಗೆ ಹೋಗೋ ಗೆಳೆಯರು ಒಂದು ಕೆಲಸ ಮಾಡಿ. ಹೋಟೆಲಿಗೆ ಕೇರಿಯ ಹಿರಿಯರೊಬ್ಬರನ್ನ ಕರ್ಕೊಂಡು ಹೋಗಿ, ಒಳಗೆ ಬೆಂಚಿನ ಮೇಲೆ ಕೂರಿಸಿ, ಟೀ ಹೇಳಿ. ಯಾವ ಲೋಟದಲ್ಲಿ ಕೊಡ್ತಾರೆ ನೋಡಿ. ಬೇರೆ ಕೊಟ್ರೆ ಜಗಳ ಬೇಡ. ದಿನಾಂಕ, ಹೊತ್ತು, ಸಾಕ್ಷಿ ಬರೆದಿಟ್ಟು ಠಾಣೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಕೊಡಲ್ಲ ಅಂದ್ರೆ ನಮಗೆ ತಿಳಿಸಿ, ಜೊತೆಗೆ ನಾವು ಬರ್ತೀವಿ.

ಚಿಕ್ಕಮ್ಮನ ಸ್ಟೀಲ್ ಲೋಟ ಅವತ್ತು ಬ್ಯಾಗಿನಿಂದ ಹೊರಗೆ ಬರಲಿಲ್ಲ. ಮುಂದಿನ ಸಲ ಅದನ್ನ ಮನೇಲೇ ಬಿಟ್ಟು ಬನ್ನಿ ಅಂದೆ. "ನೋಡಾನ" ಅಂದ್ರು.

ಜೈಭೀಮ್.