ಬ್ಯಾಗು ಕೊಡೋಣ, ಮಗುವಿನ ಮುಖ ಬೇಡ

ಮಾಗಡಿ ತಾಲೂಕಿನ ತಿಪ್ಪಸಂದ್ರದಲ್ಲಿ ಅಂಗಡಿ ಇಟ್ಟುಕೊಂಡಿರುವ ನಮ್ಮೂರಿನವರೊಬ್ಬರು ಮೊನ್ನೆ ಊರಿಗೆ ಬಂದಿದ್ದರು. "ಉಸ್ತಾದರೇ, ಅಲ್ಲಿ ಸೇವಾ ಕ್ಲಬ್ಬಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಶಾಲೆ ಶುರುವಾಗುವಾಗ ಬಡ ಮಕ್ಕಳಿಗೆ ಬ್ಯಾಗು, ಪುಸ್ತಕ ಕೊಡುವ ಅಂತ ಮಾತಾಗಿದೆ. ಸ್ಟೇಜಿನಲ್ಲಿ ಕೊಡುವುದೋ, ಮನೆಗೆ ಮುಟ್ಟಿಸುವುದೋ?" ಅಂತ ಕೇಳಿದರು. ನಮ್ಮ ಜಮಾಅತ್‌ಗಳು, ಯುವಕರ ಸಂಘಗಳು ಕೂಡ ಇದೇ ಕೆಲಸ ಮಾಡುತ್ತಿರುವುದರಿಂದ ಈ ಪ್ರಶ್ನೆ ನಮಗೆಲ್ಲರಿಗೂ ಸೇರಿದ್ದು.

ಕ್ಲಬ್ಬಿನವರದ್ದು ಬರೀ ಫೋಟೋದ ಸೇವೆ ಅಂತ ನಗುವವರು ನಮ್ಮಲ್ಲಿದ್ದಾರೆ. ಅದು ಸರಿಯಲ್ಲ. 1905ರಲ್ಲಿ ಶಿಕಾಗೋದಲ್ಲಿ ಶುರುವಾದ ರೋಟರಿ ಸಂಸ್ಥೆ 1985ರಲ್ಲಿ ಪೋಲಿಯೋ ವಿರುದ್ಧದ ಕೆಲಸವನ್ನು ಕೈಗೆತ್ತಿಕೊಂಡಿತು. ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಅಂಗನವಾಡಿ ಕಾರ್ಯಕರ್ತೆಯರು ಎಲ್ಲರೂ ಕೈಜೋಡಿಸಿದರು. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೋ ಮುಕ್ತ ದೇಶವೆಂಬ ಪ್ರಮಾಣಪತ್ರ ಸಿಕ್ಕಿತು.

ಆ ಬೂತಿನಲ್ಲಿ ಯಾರ ಮಗು, ಬಡವರದ್ದೋ ಶ್ರೀಮಂತರದ್ದೋ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಅದೇ ಎರಡು ಹನಿ, ಕಿರುಬೆರಳಿಗೆ ಅದೇ ಶಾಯಿ. ಸರಕಾರಿ ಶಾಲೆಯ ಬಿಸಿಯೂಟವೂ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲೂ ಹಾಗೆಯೇ. ಎಲ್ಲರೂ ಒಂದೇ ಸಾಲಿನಲ್ಲಿ ಕೂರುವುದರಿಂದ ಯಾವ ಮಗುವೂ ತಲೆ ತಗ್ಗಿಸಬೇಕಾಗಿಲ್ಲ.

ಬ್ಯಾಗಿನ ವಿಷಯದಲ್ಲಿ ನಾವೇ ಎಡವಿದ್ದೇವೆ. ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭಕ್ಕೆ ನಮ್ಮ ಮದ್ರಸದ ಬಡ ಮಕ್ಕಳ ಪಟ್ಟಿ ಬರೆದುಕೊಟ್ಟವರು ನಾವು. ಮಕ್ಕಳನ್ನು ಹೆಸರು ಹಿಡಿದು ಕರೆದರು, ಫೋಟೋ ತೆಗೆದರು. ರಾತ್ರಿಯೊಳಗೆ ಅದು ಊರಿನ ವಾಟ್ಸ್ಆ್ಯಪ್ ಗ್ರೂಪುಗಳಿಗೆಲ್ಲ ಬಂತು. ಮಾರನೇ ದಿನ ಒಬ್ಬ ಹುಡುಗ ಜಿಪ್ ಕಿತ್ತುಹೋದ ಹಳೇ ಬ್ಯಾಗನ್ನೇ ಹಾಕಿಕೊಂಡು ಬಂದ. ಹೊಸದು ಎಲ್ಲಿ ಅಂತ ಕೇಳಿದೆವು. "ಅದು ಫೋಟೋದ ಬ್ಯಾಗು ಅಂತ ಹೇಳ್ತಾರೆ ಉಸ್ತಾದ್" ಅಂದ. ಆ ಬ್ಯಾಗನ್ನು ಅವನು ಕೊನೆಗೂ ಹಾಕಲಿಲ್ಲ.

ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವನ ಮನಸ್ಸು ನೋಯಿಸಿದರೆ ಸದಕಾ ನಿಷ್ಫಲ ಅಂತ ತರಗತಿಯಲ್ಲಿ ಕಲಿಸುವವರು ನಾವು. ಬಹಿರಂಗವಾಗಿ ಕೊಡುವುದು ತಪ್ಪಲ್ಲ, ಅದನ್ನು ನೋಡಿ ಇನ್ನೊಬ್ಬರಿಗೂ ಕೊಡುವ ಮನಸ್ಸಾದೀತು. ಆದರೆ ಬಹಿರಂಗವಾಗಬೇಕಾದದ್ದು ಲೆಕ್ಕ, ಮಗುವಿನ ಬಡತನ ಅಲ್ಲ. ದಾನಿಗಳಿಗೆ ಸಾಕ್ಷಿ ಬೇಕಾದರೆ ಅಂಗಡಿಯ ಬಿಲ್ಲು, ಮುಖ್ಯೋಪಾಧ್ಯಾಯರ ಸಹಿ ಇರುವ ರಶೀದಿ ತೋರಿಸಿದರಾಯಿತು.

ತಿಪ್ಪಸಂದ್ರದ ಸ್ನೇಹಿತರಿಗೆ ನಾವು ಹೇಳಿದ್ದು ಇಷ್ಟು. ಹಣ ಇದ್ದಷ್ಟು ತರಗತಿಗಳನ್ನು ಆರಿಸಿ, ಆರಿಸಿದ ತರಗತಿಯ ಎಲ್ಲ ಮಕ್ಕಳಿಗೂ ಕೊಡಿ. ಅಷ್ಟು ಹಣ ಇಲ್ಲವೆಂದರೆ ಉಮ್ಮ ಉಪ್ಪನ ಕೈಗೆ ಸದ್ದಿಲ್ಲದೆ ಮುಟ್ಟಿಸಿ, ಮಗುವಿಗೆ ಅದು ಮನೆಯವರೇ ತಂದ ಬ್ಯಾಗು ಅಂತ ಆಗಲಿ. ಕಣ್ಣಿನ ತಪಾಸಣೆ, ಲೈಬ್ರರಿಯ ಪುಸ್ತಕ, ಕುಡಿಯುವ ನೀರಿನ ಫಿಲ್ಟರ್ ಇಡೀ ಶಾಲೆಗೆ ಸಲ್ಲುವ ಕೆಲಸ. ಕ್ಲಬ್ಬುಗಳಿಗೆ ಅದು ಕಷ್ಟವೇನಲ್ಲ.

ನಮ್ಮ ಹರೇಕಳ ಹಾಜಬ್ಬರನ್ನೇ ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣ, ದಾನಿಗಳಿಂದ ಕೇಳಿ ಪಡೆದ ಹಣ ಎರಡನ್ನೂ ಅವರು ನ್ಯೂಪಡ್ಪುವಿನ ಶಾಲೆಗೆ ಹಾಕಿದರು. ಮದ್ರಸದ ಕಟ್ಟಡದಲ್ಲಿ ಶುರುವಾದ ಶಾಲೆ ಅದು. ಅವರಿಗೆ 2020ರ ಪದ್ಮಶ್ರೀ ಬಂತು. ಅಲ್ಲಿ ಓದಿದ ಮಗು ದಾನ ಪಡೆದ ಮಗು ಅಂತ ಅನಿಸಿಕೊಳ್ಳಲಿಲ್ಲ, ಶಾಲೆಗೆ ಹೋಗುವ ಮಗು ಆಯಿತು.

ಈ ಸಲ ಪಟ್ಟಿ ಕೇಳಿಕೊಂಡು ಬಂದವರಿಗೆ ನಾವು ಸಹಕರಿಸುತ್ತೇವೆ. ಆದರೆ ಕ್ಯಾಮೆರಾ ಹೊರಗಿಟ್ಟು ಬನ್ನಿ ಅಂತ ಮೊದಲೇ ಹೇಳುತ್ತೇವೆ. ನಿಮ್ಮ ಮೊಹಲ್ಲಾದಲ್ಲಿ ನೀವೂ ಹೇಳಿ.